ದೂರು ಹೇಳುವ ನಂಬರ್ ಯಾರ ಜೇಬಿನಲ್ಲಿದೆ?



ಕಳೆದ ಬೇಸಿಗೆಯ ಒಂದು ಸಂಜೆ ನಮ್ಮ ಸಂಘದಲ್ಲಿ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ನಾನು ಆ ಸಂಘದ ಆಡಳಿತ ಮಂಡಳಿಯ ಸದಸ್ಯ. ಆದ ತಪ್ಪಿನಲ್ಲಿ ನನ್ನ ಪಾಲೂ ಇದೆ. ಆದ್ದರಿಂದ ಸಂಘದ ಹೆಸರೂ ಬೇಡ, ಕಂಪನಿಯ ಹೆಸರೂ ಬೇಡ.

ನಮ್ಮಲ್ಲಿ ಬಿ.ಎಂ.ಸಿ. ಇದೆ. ಅಕ್ಕಪಕ್ಕದ ಎರಡು ಹಳ್ಳಿಗಳ ಹಾಲೂ ಅದಕ್ಕೇ ಬರುತ್ತದೆ. ಆ ಸಂಜೆ ಏಳೂವರೆಗೆ ಹಾಲು ಹಾಕಿಸಿಕೊಳ್ಳುವುದು ಮುಗಿಯಿತು. ಕಂಪ್ರೆಸರ್ ಸದ್ದಿಲ್ಲದೆ ನಿಂತಿತ್ತು. ಕರೆಂಟು ಇತ್ತು, ಜನರೇಟರಿಗೆ ಡೀಸೆಲ್ಲೂ ಇತ್ತು. ಆದರೆ ಟ್ಯಾಂಕಿನ ಮೀಟರ್ 19 ಡಿಗ್ರಿಗೆ ಬಂದದ್ದು ಕೆಳಗೆ ಇಳಿಯಲೇ ಇಲ್ಲ. ಹಾಲು ಪರೀಕ್ಷಕ ಹುಡುಗ ಯಂತ್ರದ ಮೇಲೆ ಅಂಟಿಸಿದ್ದ ನಂಬರಿಗೆ ಫೋನ್ ಮಾಡಿದ. ಆ ಕಡೆಯವರು ಮರ್ಯಾದೆಯಿಂದಲೇ ಮಾತನಾಡಿದರು: "ನಿಮ್ಮ ನಂಬರ್ ನಮ್ಮಲ್ಲಿ ನೋಂದಣಿಯಾಗಿಲ್ಲ ಸರ್. ನೋಂದಣಿಯಾದ ಮೊಬೈಲಿಗೆ ಓಟಿಪಿ ಕಳಿಸಿದ್ದೇವೆ, ಅದನ್ನು ಹೇಳಿ."

ಹುಡುಗ ನನಗೆ ಫೋನ್ ಮಾಡಿದ. "ಅಣ್ಣಾ, ಅವರು ಕಂಪ್ಲೇಂಟೇ ತಗಳ್ತಿಲ್ಲ. ಓಟಿಪಿ ಹಳೇ ಸೆಕ್ರೆಟರಿ ನಂಬರಿಗೆ ಹೋಗದಂತೆ."

ಹಳೇ ಕಾರ್ಯದರ್ಶಿ ನಿವೃತ್ತಿಯಾಗಿ ಎರಡು ವರ್ಷವಾಗಿತ್ತು. ಯಂತ್ರ ಕೂರಿಸಿದ ದಿನ ಒಳ್ಳೆಯ ಮನಸ್ಸಿನಿಂದಲೇ ತಮ್ಮ ನಂಬರ್ ಕೊಟ್ಟಿದ್ದರು. ಈಗ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದಾರೆ, ಸಿಮ್ಮೂ ಬದಲಾಗಿದೆ. ಆ ಓಟಿಪಿ ಯಾರಿಗೂ ತಲುಪಲಿಲ್ಲ. ರಾತ್ರಿ ಹನ್ನೊಂದರವರೆಗೆ ಪರದಾಡಿ ಎಂಟು ಕ್ಯಾನ್ ಹಾಲನ್ನು ಬೇರೊಂದು ಸಂಘದ ಬಿ.ಎಂ.ಸಿ.ಗೆ ಸಾಗಿಸಿದೆವು. ಉಳಿದದ್ದು ಅಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ಅಧ್ಯಕ್ಷರು ಅವರಿವರನ್ನು ಹಿಡಿದು ದೂರು ದಾಖಲಿಸುವ ಹೊತ್ತಿಗೆ ಟ್ಯಾಂಕರ್ ಬಂದಾಗಿತ್ತು. ಮಾದರಿ ಕುದಿಸಿ ನೋಡಿದರು, ಒಡೆಯಿತು. 1,100 ಲೀಟರ್ ಚರಂಡಿ ಪಾಲಾಯಿತು. ಮಧ್ಯಾಹ್ನ ಬಂದ ಎಂಜಿನಿಯರ್ ಪ್ಯಾನಲ್ ತೆಗೆದು ಓವರ್‌ಲೋಡ್ ರಿಲೇಯ ಗುಂಡಿ ಒತ್ತಿದರು. ಕಂಡೆನ್ಸರ್ ಜಾಲರಿಗೆ ಕಟ್ಟಿಕೊಂಡಿದ್ದ ಹುಲ್ಲಿನ ದೂಳನ್ನು ಬ್ರಷ್‌ನಿಂದ ತೆಗೆದರು. ಹತ್ತು ನಿಮಿಷದ ಕೆಲಸ. ಇದನ್ನು ರಾತ್ರಿ ಫೋನಿನಲ್ಲೇ ಹೇಳಿಕೊಟ್ಟು ಮಾಡಿಸಬಹುದಿತ್ತು ಎಂದು ಅವರೇ ಹೇಳಿದರು.

ಒಪ್ಪಂದ ಇತ್ತು. ಆ ವರ್ಷದ ಹಣ ಪೂರ್ತಿ ಕಟ್ಟಿದ್ದೆವು. ನೆರವು ಕೊಡುವವರೂ ಇದ್ದರು. ಅವರನ್ನು ಕರೆಯುವ ಹಕ್ಕು ಮಾತ್ರ ಊರಲ್ಲಿ ಇರಲಿಲ್ಲ.

ಈ ನಷ್ಟ ಯಾರದು? ಸಂಘದ ವ್ಯಾಪಾರ ಲಾಭದಲ್ಲಿ ಕಳೆಯಿತು. ಆ ಲಾಭದಿಂದಲೇ ತಾನೆ ವರ್ಷದ ಕೊನೆಗೆ ಬೋನಸ್ ಬರುವುದು? ಒಂದೇ ಹಸು ಕಟ್ಟಿಕೊಂಡು ಹೊತ್ತಿಗೆ ಮೂರು ಲೀಟರ್ ಹಾಕುವ ಅಜ್ಜಿಯೊಬ್ಬರು ನನ್ನನ್ನು ಕೇಳಿದರು: "ಹಾಲು ನಮ್ದು, ಮಿಷನ್ನು ನಮ್ದು, ದುಡ್ಡೂ ನಮ್ದು. ಫೋನ್ ಮಾತ್ರ ಯಾಕಪ್ಪಾ ಅವರ್ದು?" ನನ್ನ ಬಳಿ ಉತ್ತರವಿರಲಿಲ್ಲ.

ಯಂತ್ರದ ಜೊತೆ ಒಪ್ಪಂದವೂ ಬಂತು

ಮೊದಲು ನಮ್ಮ ಸಂಘಗಳಲ್ಲಿ ಲ್ಯಾಕ್ಟೋಮೀಟರ್, ಗರ್ಬರ್ ನಳಿಕೆ, ಅಳತೆಯ ಪಾತ್ರೆ, ಕ್ಯಾನು ಇಷ್ಟೇ ಇದ್ದವು. ನಳಿಕೆ ಒಡೆದರೆ ಹೊಸದು ತರುತ್ತಿದ್ದೆವು. ಈಗ ಎಲೆಕ್ಟ್ರಾನಿಕ್ ತೂಕದ ಯಂತ್ರ, ಹಾಲಿನ ಅನಲೈಸರ್, ಕಂಪ್ಯೂಟರ್, ಬಿ.ಎಂ.ಸಿ., ಜನರೇಟರ್, ಯು.ಪಿ.ಎಸ್. ಇವೆ. ಒಂದೊಂದಕ್ಕೂ ಒಬ್ಬೊಬ್ಬ ಸರಬರಾಜುದಾರ, ಒಂದೊಂದು ವಾರ್ಷಿಕ ನಿರ್ವಹಣಾ ಒಪ್ಪಂದ, ಒಂದೊಂದು ಗ್ರಾಹಕ ಸಂಖ್ಯೆ. ಇವೆಲ್ಲ ಬಹಳ ಕಡೆ ಒಬ್ಬರ ಮೊಬೈಲಿನಲ್ಲೋ, ಒಬ್ಬರ ತಲೆಯಲ್ಲೋ ಇರುತ್ತವೆ.

ಹಾಲು ಕಾಯುವ ವಸ್ತುವಲ್ಲ. ಕರೆದಾಗ ಅದರ ಬಿಸಿ ಹಸುವಿನ ಮೈ ಬಿಸಿಯಷ್ಟೇ, ಸುಮಾರು 38 ಡಿಗ್ರಿ. ಬೇಗ 4 ಡಿಗ್ರಿಗೆ ಇಳಿಸಿದರೆ ಸೂಕ್ಷ್ಮಾಣುಗಳು ಹೆಚ್ಚದೆ ತಣ್ಣಗೆ ಕೂರುತ್ತವೆ. ಇಳಿಸದಿದ್ದರೆ ಕೆಲವೇ ಗಂಟೆಗಳಲ್ಲಿ ಹುಳಿ. ಕಡೂರಿನ ಬಯಲು ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಹೇಳುವುದೇ ಬೇಡ.

ಬೇರೆ ಕಡೆ ಹೀಗಿಲ್ಲ ಎಂಬುದನ್ನು ನೋಡಿ. ಹಸು ಕೆಚ್ಚಲು ಬಾವಿನಿಂದ ನರಳುತ್ತಿದ್ದರೆ 1962ಕ್ಕೆ ಮನೆಯ ಹೆಂಗಸರು ಫೋನ್ ಮಾಡಬಹುದು, ಶಾಲೆಗೆ ಹೋಗುವ ಹುಡುಗನೂ ಮಾಡಬಹುದು. ಹಸು ಯಾರ ಹೆಸರಿನಲ್ಲಿದೆ ಎಂದು ಕೇಳಿ ಫೋನ್ ಇಡುವುದಿಲ್ಲ. ಕರೆಂಟು ಹೋದರೆ ಮೆಸ್ಕಾಂನ 1912. ಮೀಟರ್ ತಾತನ ಹೆಸರಿನಲ್ಲಿದ್ದರೂ ಮೊಮ್ಮಗ ದೂರು ಕೊಡಬಹುದು. ಆದರೆ ಖಾಸಗಿ ಸೇವಾ ಒಪ್ಪಂದದಲ್ಲಿ ಹೆಸರು ಬರೆಸಿದವರಿಗೆ ಮಾತ್ರ ಬಾಗಿಲು.

ಹಾಗಾದರೆ ಎಲ್ಲರಿಗೂ ಬಾಗಿಲು ತೆಗೆಯೋಣವೇ?

ಆ ಘಟನೆಯ ನಂತರದ ಸಭೆಯಲ್ಲಿ ಕೆಲವರು ಇದನ್ನೇ ಹೇಳಿದರು. "ಎಲ್ಲಾ ನಿರ್ದೇಶಕರ ನಂಬರೂ ಕೊಟ್ಟುಬಿಡಿ." ನಾನೂ ಮೊದಲು ತಲೆಯಾಡಿಸಿದೆ. ಯೋಚಿಸಿದ ಮೇಲೆ ಅದು ಇನ್ನೂ ದೊಡ್ಡ ಅಪಾಯ ಎನ್ನಿಸಿತು.

ಕಂಪನಿಯವರು "ನೀವು ಯಾರು?" ಎಂದು ಕೇಳುವುದರಲ್ಲಿ ಅರ್ಥವಿದೆ. ಫೋನಿನಲ್ಲಿ ಯಾರೋ ಒಬ್ಬರು "ನಾನು ಸಂಘದವನು, ಅನಲೈಸರ್ ಫ್ಯಾಟ್ ಕಡಿಮೆ ತೋರಿಸ್ತಿದೆ, ಸ್ವಲ್ಪ ಸರಿಮಾಡಿ" ಎಂದರೆ? ಅನಲೈಸರ್‌ನ ಹೊಂದಾಣಿಕೆ ಬದಲಾದರೆ ಫ್ಯಾಟ್, ಎಸ್.ಎನ್.ಎಫ್. ಬದಲಾಗುತ್ತದೆ, ಮರುದಿನದಿಂದ ಎಲ್ಲರ ಬಟವಾಡೆ ಬದಲಾಗುತ್ತದೆ. ತೂಕದ ಯಂತ್ರದ ವಿಷಯ ಇನ್ನೂ ಬಿಗಿ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಂತೆ ಅದನ್ನು ರಿಪೇರಿ ಮಾಡುವವರಿಗೆ ಪರವಾನಗಿ ಇರಬೇಕು, ರಿಪೇರಿಯಾದ ಮೇಲೆ ಮತ್ತೆ ಇಲಾಖೆಯ ಮುದ್ರೆ ಬೀಳಬೇಕು. ಯಾರೋ ಕರೆದ ಯಾವುದೋ ಮೆಕ್ಯಾನಿಕ್ ಬಂದು ಸೀಲ್ ಕಿತ್ತರೆ ಹೊಣೆ ಸಂಘದ ಮೇಲೆ.

ಇನ್ನೊಂದು, ಕಂಪ್ಯೂಟರ್. ಈಗ ಎಷ್ಟೋ ರಿಪೇರಿಗೆ ಎಂಜಿನಿಯರ್ ಊರಿಗೆ ಬರುವುದೇ ಇಲ್ಲ. ಎಲ್ಲೋ ಕೂತು ನಮ್ಮ ಕಂಪ್ಯೂಟರಿನೊಳಗೆ ಬರುತ್ತಾರೆ. ಒಳ್ಳೆಯದೇ, ಬೇಗ ಕೆಲಸ ಆಗುತ್ತದೆ. ಆದರೆ ಅದೇ ಕಂಪ್ಯೂಟರಿನಲ್ಲಿ ಉತ್ಪಾದಕರ ಹೆಸರು, ಫೋನ್ ನಂಬರ್, ಬ್ಯಾಂಕ್ ಖಾತೆಯ ವಿವರ ಎಲ್ಲ ಇರುತ್ತದೆ. "ಸರ್ವಿಸ್ ಸೆಂಟರಿನಿಂದ ಮಾತಾಡ್ತಿದ್ದೀವಿ, ಈ ಆ್ಯಪ್ ಹಾಕ್ಕೊಳ್ಳಿ, ಓಟಿಪಿ ಹೇಳಿ" ಎಂದು ಕಳ್ಳರೂ ಫೋನ್ ಮಾಡುವ ಕಾಲ ಇದು. ನಾವು ಕರೆಯದೆ ತಾವಾಗಿ ಫೋನ್ ಮಾಡಿದವರಿಗೆ ಕಂಪ್ಯೂಟರ್ ತೆರೆದುಕೊಡಬಾರದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು.

ಖರ್ಚಿನ ಮಾತೂ ಇದೆ. ಹಿಂದೊಮ್ಮೆ ನಮ್ಮಲ್ಲೇ ಮೂವರು ನಿರ್ದೇಶಕರು ಒಂದೇ ತೊಂದರೆಗೆ ಮೂರು ಸಲ ದೂರು ಕೊಟ್ಟಿದ್ದರು. ಲೆಕ್ಕದಲ್ಲಿ ಮೂರು ಭೇಟಿ ಬಿತ್ತು. ಒಬ್ಬರು ಬಾಯಿ ಮಾತಿನಲ್ಲಿ "ಹಾಕಿ, ನೋಡ್ಕೊಳ್ಳೋಣ" ಎಂದ ಬಿಡಿಭಾಗ ಒಪ್ಪಂದದ ಹೊರಗಿನದು. ಬಿಲ್ ಬಂದಾಗ ಹೇಳಿದವರು ಯಾರೆಂದು ಯಾರಿಗೂ ನೆನಪಿರಲಿಲ್ಲ.

ಎರಡು ಹಕ್ಕುಗಳನ್ನು ಬೇರೆ ಮಾಡೋಣ

ನನ್ನ ಅಭಿಪ್ರಾಯ ಇಷ್ಟೇ. ನಾವು ಎರಡು ಬೇರೆ ಬೇರೆ ಹಕ್ಕುಗಳನ್ನು ಒಂದೇ ಫೋನಿಗೆ ಕಟ್ಟಿಹಾಕಿದ್ದೇವೆ. "ಕೆಟ್ಟಿದೆ, ಬನ್ನಿ" ಎಂದು ಹೇಳುವ ಹಕ್ಕು ಒಂದು. "ಬದಲಿಸಿ, ಒಳಗೆ ಬನ್ನಿ, ಖರ್ಚು ಮಾಡಿ" ಎಂದು ಹೇಳುವ ಹಕ್ಕು ಇನ್ನೊಂದು. ಮೊದಲನೆಯದು ಆ ಹೊತ್ತಿಗೆ ಯಂತ್ರದ ಮುಂದೆ ನಿಂತಿರುವ ಎಲ್ಲರಿಗೂ ಇರಬೇಕು. ಪರೀಕ್ಷಕ, ಸಹಾಯಕ, ಬಿ.ಎಂ.ಸಿ. ನೋಡಿಕೊಳ್ಳುವವರು ಯಾರೇ ಆಗಲಿ. ಎರಡನೆಯದು ಆಡಳಿತ ಮಂಡಳಿ ಠರಾವು ಮಾಡಿ ಹೆಸರಿಸಿದ ಇಬ್ಬರಿಗೆ ಮಾತ್ರ ಇರಬೇಕು. ಒಬ್ಬರಿಗಲ್ಲ, ಹತ್ತು ಜನರಿಗೂ ಅಲ್ಲ. ಒಬ್ಬರೇ ಆದರೆ ಅವರು ಮದುವೆಗೆ ಹೋದ ದಿನ ಸಂಘ ನಿಲ್ಲುತ್ತದೆ. ಹತ್ತು ಜನರಾದರೆ ಯಾರೂ ಹೊಣೆಯಲ್ಲ.

ಇದನ್ನು ಒಪ್ಪಂದದಲ್ಲೇ ಬರೆಸಬೇಕು. ನವೀಕರಣದ ಚೆಕ್ ಕೊಡುವ ಮೊದಲು ಕೇಳಿದರೆ ಕಂಪನಿಯವರು ಕಿವಿಗೊಡುತ್ತಾರೆ. ಕೊಟ್ಟ ಮೇಲೆ ಕೇಳಿದರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ನಾವು ಈಗ ನಮ್ಮ ಸಂಘದಲ್ಲಿ ಮಾಡಿಕೊಂಡಿರುವುದು ಇವು:

1. ಸಂಘದ ಹೆಸರಿನಲ್ಲೇ ಒಂದು ಸಿಮ್. ಆ ಫೋನ್ ಡೈರಿಯಲ್ಲೇ ಇರುತ್ತದೆ, ಯಾರ ಮನೆಗೂ ಹೋಗುವುದಿಲ್ಲ. ಎಲ್ಲ ಒಪ್ಪಂದಕ್ಕೂ ಅದೇ ಮೊದಲ ನಂಬರ್.

2. ಅನುಮತಿ ಕೊಡುವವರು ವ್ಯಕ್ತಿಯಲ್ಲ, ಹುದ್ದೆ: ಕಾರ್ಯದರ್ಶಿ ಮತ್ತು ಅಧ್ಯಕ್ಷರು. ಹುದ್ದೆಯಲ್ಲಿ ಇರುವವರು ಬದಲಾದ ದಿನವೇ ಹಳೆಯ ನಂಬರ್ ತೆಗೆಸಿ ಹೊಸದು ಸೇರಿಸಿ, ಕಂಪ್ಯೂಟರಿನ ಪಾಸ್‌ವರ್ಡ್ ಬದಲಿಸಬೇಕು. ಚಾರ್ಜ್ ಪಟ್ಟಿಯಲ್ಲಿ ಬೀಗದ ಕೈ, ನಗದು ಪುಸ್ತಕದ ಜೊತೆಗೆ ಇದೂ ಒಂದು ಸಾಲು.

3. ಬಿ.ಎಂ.ಸಿ. ಕೋಣೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಫೋನ್ ನಂಬರ್, ಗ್ರಾಹಕ ಸಂಖ್ಯೆ, ಯಂತ್ರದ ಸೀರಿಯಲ್ ನಂಬರ್, ಒಪ್ಪಂದ ಮುಗಿಯುವ ದಿನಾಂಕ. ಪಾಸ್‌ವರ್ಡ್ ಮಾತ್ರ ಗೋಡೆಗೆ ಬೇಡ.

4. ಒಂದು ದೂರಿನ ಪುಸ್ತಕ. ದಿನ, ಗಂಟೆ, ಕರೆದವರು, ದೂರಿನ ಸಂಖ್ಯೆ, ಬಂದವರು, ಮಾಡಿದ ಕೆಲಸ. ಅನಲೈಸರ್ ಮುಟ್ಟಿದ ದಿನ ಮುಟ್ಟುವ ಮುಂಚಿನ ಫಲಿತಾಂಶ, ಆಮೇಲಿನ ಫಲಿತಾಂಶ ಎರಡನ್ನೂ ಬರೆದು ಇಬ್ಬರು ಉತ್ಪಾದಕರ ಸಹಿ.

5. ಮೂರು ತಿಂಗಳಿಗೊಮ್ಮೆ, ಏನೂ ಕೆಡದಿದ್ದರೂ, ಆ ನಂಬರಿಗೆ ಫೋನ್ ಮಾಡಿ "ನಮ್ಮ ಸಂಘದ ಹೆಸರಿನಲ್ಲಿ ಯಾರ್‍ಯಾರ ನಂಬರ್ ಇದೆ?" ಎಂದು ಕೇಳುವುದು. ಮೊದಲ ಸಲ ಕೇಳಿದಾಗಲೇ ಜನರೇಟರ್ ಒಪ್ಪಂದದಲ್ಲೂ ಹಳೆಯ ನಂಬರ್ ಇರುವುದು ಸಿಕ್ಕಿತು.

ಒಪ್ಪಂದಕ್ಕೆ ಭಾನುವಾರ ಗೊತ್ತಿರಲಿ

ಒಪ್ಪಂದ ಓದುವಾಗ ಇನ್ನೊಂದು ಸಾಲು ಹುಡುಕಿ: ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ದೂರು ತೆಗೆದುಕೊಳ್ಳುತ್ತಾರೆ? ಹಸುವಿಗೆ ಭಾನುವಾರವಿಲ್ಲ, ಹಬ್ಬವಿಲ್ಲ. ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಆರಕ್ಕೆ ಕೆಲಸ ಮಾಡುವ ಯಂತ್ರಕ್ಕೆ ಹತ್ತರಿಂದ ಐದರ ಒಪ್ಪಂದ ಹೊಂದುವುದಿಲ್ಲ. ರಾತ್ರಿ ಎಂಜಿನಿಯರ್ ಬರಲಾಗದಿದ್ದರೆ ಬೇಡ, ಫೋನಿನಲ್ಲಿ ದಾರಿ ತೋರಿಸುವವರು ಒಬ್ಬರಾದರೂ ಇರಬೇಕು.

ಇದನ್ನು ಒಂದೊಂದೇ ಸಂಘ ಕೇಳಿದರೆ ಸಣ್ಣ ದನಿ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿನ ಸಂಘಗಳ ಪರವಾಗಿ ಒಕ್ಕೂಟವೇ ಒಂದು ಸಾಮಾನ್ಯ ಒಪ್ಪಂದದ ನಮೂನೆ ಮಾಡಿಕೊಟ್ಟರೆ ಆ ಮಾತಿಗೆ ತೂಕ ಬರುತ್ತದೆ. ಎಂಜಿನಿಯರ್ ಬೇರೆ ಜಿಲ್ಲೆಯಿಂದ ಬರುವ ಬದಲು ಬೀರೂರಿನಲ್ಲಿ ಒಬ್ಬರು ಇದ್ದರೆ ಮೂರು ಕಡೆಗೂ ಹತ್ತಿರ. ರೈಲು ಕವಲೊಡೆದು ತರೀಕೆರೆಗೂ ಅಜ್ಜಂಪುರಕ್ಕೂ ಹೋಗುವುದು ಅಲ್ಲಿಂದಲೇ ಅಲ್ಲವೇ? ಒಕ್ಕೂಟದ ಅಧಿಕಾರಿಗಳು ಇದನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ.

ಮಹಿಳಾ ಸಂಘಗಳ ಸಹೋದರಿಯರಿಗೆ ಒಂದು ಮಾತು. ಸಹಿ ನಿಮ್ಮದು, ದುಡಿಮೆ ನಿಮ್ಮದು. ಒಪ್ಪಂದದಲ್ಲಿ ನಂಬರ್ ಮಾತ್ರ ಯಜಮಾನರದ್ದೋ ಮಗನದ್ದೋ ಇದ್ದರೆ ಈ ವಾರವೇ ಬದಲಿಸಿ. ಯಂತ್ರ ಕೆಟ್ಟಾಗ ಅವರು ತೋಟದಲ್ಲಿರುತ್ತಾರೆ, ಇಲ್ಲವೇ ಪೇಟೆಯಲ್ಲಿರುತ್ತಾರೆ. ಮನೆಯಲ್ಲಿ ಹಾಲು ಕರೆಯುವ ಯಂತ್ರ ಇಟ್ಟುಕೊಂಡವರಿಗೂ ಇದೇ ಮಾತು. ಬೆಂಗಳೂರಿನಲ್ಲಿರುವ ಮಗ ತನ್ನ ನಂಬರಿನಲ್ಲಿ ತರಿಸಿಕೊಟ್ಟಿದ್ದರೆ, ಕರೆಯುವ ತಾಯಿಯ ನಂಬರನ್ನೂ ಸೇರಿಸಲಿ.

ಸೆಪ್ಟೆಂಬರಿನ ವಾರ್ಷಿಕ ಸರ್ವಸದಸ್ಯರ ಸಭೆಯಲ್ಲಿ ನಾವು ಬೋನಸ್ ಎಷ್ಟು ಎಂದು ಕೇಳುತ್ತೇವೆ. ಕೇಳಲೇಬೇಕು. ಈ ಸಲ ಅದರ ಜೊತೆಗೆ ಎದ್ದು ನಿಂತು ಇನ್ನೊಂದು ಪ್ರಶ್ನೆ ಕೇಳಿ: "ಇವತ್ತು ರಾತ್ರಿ ಬಿ.ಎಂ.ಸಿ. ನಿಂತರೆ ಯಾರು ಫೋನ್ ಮಾಡಬಹುದು?" ವೇದಿಕೆಯ ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಉತ್ತರ ಸಿಗುವವರೆಗೆ ಕೂರಬೇಡಿ. ನಮ್ಮ ಸಭೆಯಲ್ಲಿ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.