ಜೂನ್ ತಿಂಗಳನ್ನು ಕಾಯದ ಮಳೆ

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಖ್ಯ ಆಯುಕ್ತರಿಗೆ,



ಬೆಂಗಳೂರಿನ ಆಡಳಿತವು ಮಳೆಗಾಲವನ್ನು ಜೂನ್‌ನಿಂದ ಎಣಿಸುತ್ತ ಬಂದಿದೆ. ಮಳೆಯಾದರೋ ಏಪ್ರಿಲ್ ಕೊನೆಯಲ್ಲಿ, ಭರಣಿ ಹುಟ್ಟಿದೊಡನೆಯೇ ನಗರದ ಮೇಲೆ ಎರಗುತ್ತದೆ. ಸೂರ್ಯನು ಒಂದು ನಕ್ಷತ್ರದಲ್ಲಿ ಕಳೆಯುವ ಹದಿಮೂರು-ಹದಿನಾಲ್ಕು ದಿನಗಳ ಮಳೆಗೆ ಆ ನಕ್ಷತ್ರದ ಹೆಸರನ್ನೇ ಇಡುವ ರೈತರ ಲೆಕ್ಕದಲ್ಲಿ ಭರಣಿ, ಕೃತ್ತಿಕೆ, ರೋಹಿಣಿ ಮೂರೂ ಜೂನ್ ಮೊದಲ ವಾರದ ಹೊತ್ತಿಗೆ ಮುಗಿದಿರುತ್ತವೆ. ಹವಾಮಾನ ಇಲಾಖೆಯು ಇವನ್ನು ಮುಂಗಾರು ಪೂರ್ವ ಮಳೆ ಎಂದು ಕರೆಯುತ್ತದೆ. ‘ಪೂರ್ವ’ ಎಂಬ ಮಾತು ಕಚೇರಿಗಳಲ್ಲಿ ‘ಇನ್ನೂ ಸಮಯವಿದೆ’ ಎಂಬ ಅರ್ಥ ಪಡೆದಿರುವುದೇ ಈ ಪತ್ರಕ್ಕೆ ಕಾರಣ.

ಈ ಮಳೆಯ ಸ್ವಭಾವ ಬೇರೆ. ಬಿಸಿಲಿಗೆ ಕಾದ ನೆಲದ ಗಾಳಿಯು ಕಡಲ ಕಡೆಯಿಂದ ಬಂದ ತೇವವನ್ನು ಹೊತ್ತು ಮೇಲೇರಿ, ಸಂಜೆಯೊಳಗೆ ಹತ್ತು ಕಿಲೋಮೀಟರಿಗೂ ಮಿಕ್ಕಿದ ಎತ್ತರದ ಗುಡುಗುಮೋಡವಾಗಿ, ಒಂದೆರಡು ಗಂಟೆಗಳಲ್ಲಿ ಒಂದೇ ಕಡೆ ಸುರಿದು ಬರಿದಾಗುತ್ತದೆ. ಮೋಡದಿಂದ ಕೆಳಗೆ ನುಗ್ಗುವ ತಣ್ಣನೆಯ ಗಾಳಿ ಮರಗಳನ್ನು ಉರುಳಿಸುತ್ತದೆ. 2025ರ ಮೇ 19ರ ಬೆಳಗ್ಗೆ ಮುಗಿದ 24 ಗಂಟೆಗಳಲ್ಲಿ ನಗರದಲ್ಲಿ 100 ಮಿ.ಮೀ. ಮೀರಿದ ಮಳೆ ದಾಖಲಾಗಿ, ಹೊರಮಾವಿನ ಸಾಯಿ ಲೇಔಟ್ ನೀರಿನಲ್ಲಿ ನಿಂತಿತು. ಇಡೀ ಮೇ ತಿಂಗಳ ವಾಡಿಕೆ ಮಳೆಯೇ ಸುಮಾರು 128 ಮಿ.ಮೀ. ಒಂದು ಚದರ ಕಿಲೋಮೀಟರ್ ಕಾಂಕ್ರೀಟಿನ ಮೇಲೆ 100 ಮಿ.ಮೀ. ಬಿದ್ದರೆ ಹತ್ತು ಕೋಟಿ ಲೀಟರ್ ನೀರು ದಾರಿ ಹುಡುಕಬೇಕಾಗುತ್ತದೆ. ಚರಂಡಿಗೆ ಸವಾಲೊಡ್ಡುವುದು ದಿನದ ಮೊತ್ತವಲ್ಲ, ಗಂಟೆಯ ರಭಸ. ಆದರೆ ಚರ್ಚೆ ಮೊತ್ತದ ಸುತ್ತಲೇ ತಿರುಗುತ್ತದೆ.

ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಎಂಬ ಮೂರು ಕಣಿವೆಗಳಲ್ಲಿ ಇಳಿಯುವ ಈ ನೀರಿಗೆ ಹಿಂದಿನವರು ದಾರಿ ಮಾಡಿಟ್ಟಿದ್ದರು. ಒಂದು ಕೆರೆ ತುಂಬಿ ಕೋಡಿ ಹರಿದಾಗ, ಅಂದರೆ ಹೆಚ್ಚಿನ ನೀರು ಕಟ್ಟೆಯ ತಗ್ಗುಬದಿಯಿಂದ ಹೊರಬಿದ್ದಾಗ, ಅದನ್ನು ಮುಂದಿನ ಕೆರೆಗೆ ಒಯ್ಯುವ ಹಿರಿಯ ಕಾಲುವೆಯೇ ರಾಜಕಾಲುವೆ. ಒತ್ತುವರಿಯ ಕಥೆ ಎಲ್ಲರಿಗೂ ಗೊತ್ತು. ಅಷ್ಟಾಗಿ ಗಮನಕ್ಕೆ ಬಾರದ ಸಂಗತಿ ಬೇರೊಂದಿದೆ: ಬೇಸಿಗೆಯಿಡೀ ಉದುರಿದ ಎಲೆ, ಗುಲ್‌ಮೊಹರಿನ ಹೂವು, ಕಟ್ಟಡದ ಮರಳು, ಪ್ಲಾಸ್ಟಿಕ್ ಎಲ್ಲವೂ ರಸ್ತೆಬದಿಯ ಚರಂಡಿಯ ಬಾಯಲ್ಲಿ ಕೂತಿರುವಾಗಲೇ ಮೊದಲ ಬಿರುಮಳೆ ಬರುವುದರಿಂದ, ರಾಜಕಾಲುವೆ ಅರೆಬರಿದಾಗಿದ್ದರೂ ರಸ್ತೆ ಹೊಳೆಯಾಗುತ್ತದೆ. ಹೂಳೆತ್ತುವ ಕೆಲಸವೋ, ಆರ್ಥಿಕ ವರ್ಷವು ಏಪ್ರಿಲ್ 1ಕ್ಕೆ ಮಗುಚಿ, ಟೆಂಡರ್ ತೆರೆದು, ಕಾರ್ಯಾದೇಶ ಹೊರಡುವವರೆಗೆ ಕಾಯುವುದಾದರೆ, ಎತ್ತಿ ದಡಕ್ಕೆ ಹಾಕಿದ ಹೂಳು ಕೃತ್ತಿಕೆ ಮಳೆಗೆ ಮತ್ತೆ ಕಾಲುವೆಗೇ ಇಳಿಯುತ್ತದೆ. ಒಂದೇ ಹೂಳಿಗೆ ಎರಡು ಬಿಲ್ಲು. ಆದ್ದರಿಂದ ಈ ಕೆಲಸದ ಗಡುವು ಯುಗಾದಿಯಾಗಬೇಕು, ಅದರ ಟೆಂಡರು ದೀಪಾವಳಿಯ ಸುಮಾರಿಗೇ ಮುಗಿದಿರಬೇಕು. ಒಣಗಿದ ಕೊಂಬೆಗಳ ಸವರುವಿಕೆಗೂ ಇದೇ ಗಡುವು ಸಲ್ಲುತ್ತದೆ. 2024ರ ಜೂನ್ 2ರಂದು 111.1 ಮಿ.ಮೀ. ಮಳೆಯೊಡನೆ ನೂರಾರು ಮರಗಳು ಉರುಳಿದ್ದನ್ನು ನಗರ ಕಂಡಿದೆ.

ಇನ್ನು ಅಂಡರ್‌ಪಾಸ್‌ಗಳ ವಿಚಾರ. ಇವು ಕೋಡಿಯಿಲ್ಲದ ಕೆರೆಗಳು: ಸುತ್ತಲಿನ ನೀರೆಲ್ಲ ಒಳಗಿಳಿಯುತ್ತದೆ, ಹೊರಹೋಗುವ ದಾರಿ ಮುಚ್ಚಿದರೆ ಅಲ್ಲೇ ನಿಲ್ಲುತ್ತದೆ. 2023ರ ಮೇ 21ರ ಮಧ್ಯಾಹ್ನ, ವಿಧಾನಸೌಧದಿಂದ ನಡೆದುಹೋಗುವಷ್ಟು ದೂರದ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ 22 ವರ್ಷದ ಯುವತಿಯೊಬ್ಬರು ತೀರಿಕೊಂಡರು. ಪಂಪು, ಸಂವೇದಕಗಳ ಮಾತು ಆಮೇಲಿನದು. ಪ್ರತಿ ಅಂಡರ್‌ಪಾಸಿನ ಗೋಡೆಯ ಮೇಲೆ ಒಂದು ಅಡಿ ಎತ್ತರಕ್ಕೆ ಕೆಂಪು ಗೆರೆ ಬಳಿಸಿ, ನೀರು ಆ ಗೆರೆ ಮುಟ್ಟಿದೊಡನೆ ಯಾರ ಅಪ್ಪಣೆಗೂ ಕಾಯದೆ ಅಡ್ಡಗಂಬ ಇಳಿಸುವ ಅಧಿಕಾರವನ್ನು ಅಲ್ಲಿನ ಸಂಚಾರ ಪೊಲೀಸ್ ಪೇದೆಗೆ ಲಿಖಿತವಾಗಿ ಕೊಡಿಸಲು ತಾವು ಪೊಲೀಸ್ ಇಲಾಖೆಯೊಡನೆ ಮಾತನಾಡಬೇಕು. ಅದೂ ಬರುವ ಭರಣಿಯೊಳಗೆ.

ಇಂತಿ,
ಬೆಂಗಳೂರಿನ ಒಬ್ಬ ತೆರಿಗೆದಾರ