ಹೊಟ್ಟೆಯ ಮೇಲಿನ ಚೀಲ: ವೆಚ್ಚ ಯಾರದು?

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನವನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆ ಲೇಖನವು ಮೊಟ್ಟಮೊದಲು ಕೋರುವುದು ಅವರ ಆರೋಗ್ಯವನ್ನು, ಆಜ್ಞೆಯು ಅನಂತರದ್ದು. ಎರಡು ಸಾವಿರ ವರ್ಷಗಳಿಗೂ ಮಿಗಿಲಾದ ಕಾಲ ಕಳೆದು, 2018ರಲ್ಲಿ, ಅದೇ ಪದವನ್ನು ಹೆಸರಿನಲ್ಲಿ ಹೊತ್ತ ‘ಆರೋಗ್ಯ ಕರ್ನಾಟಕ’ ಯೋಜನೆಯು ಜಾರಿಗೆ ಬಂದಿತು. ಈ ಯೋಜನೆಯು ರೋಗಿಯನ್ನು ಎಲ್ಲಿಯವರೆಗೆ ಕೈಹಿಡಿದು ನಡೆಸುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ಒಂದು ಸಣ್ಣ ಚೀಲದ ನಿದರ್ಶನದಿಂದ ನೋಡೋಣ.

ನಮ್ಮ ದೊಡ್ಡ ಕರುಳು ಸುಮಾರು ಒಂದೂವರೆ ಮೀಟರು ಉದ್ದವಾದ ನಾಳ. ಅರ್ಬುದ ರೋಗ, ಪೆಟ್ಟು, ಕರುಳು ತೂತಾಗುವಿಕೆ, ಹುಟ್ಟಿನಿಂದ ಬಂದ ದೋಷ ಮೊದಲಾದ ಕಾರಣಗಳಿಂದ ಅದರ ಕೆಳಭಾಗವು ನಿರುಪಯುಕ್ತವಾದಾಗ, ಶಸ್ತ್ರವೈದ್ಯರು ಕರುಳಿನ ತುದಿಯನ್ನು ಹೊಟ್ಟೆಯ ಗೋಡೆಯ ಮೂಲಕ ಹೊರಕ್ಕೆ ತಂದು ಹೊಲಿಯುತ್ತಾರೆ. ಈ ಹೊಸ ದ್ವಾರಕ್ಕೆ ಸ್ಟೋಮಾ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಬಾಯಿ ಎಂದರ್ಥ. ದೊಡ್ಡ ಕರುಳಿನಿಂದ ಮಾಡಿದರೆ ಕೊಲಾಸ್ಟಮಿ, ಸಣ್ಣ ಕರುಳಿನ ಕೊನೆಯಿಂದ ಮಾಡಿದರೆ ಇಲಿಯಾಸ್ಟಮಿ. ಈ ಬಾಯಿಗೆ ಬಿಗಿಹಿಡಿಯುವ ಸ್ನಾಯುವಿಲ್ಲ. ಆದುದರಿಂದ ಹೊರಬಂದುದನ್ನು ಹಿಡಿಯಲು ಹಗಲಿರುಳೂ ಒಂದು ಚೀಲ ಬೇಕು. ಚರ್ಮಕ್ಕೆ ಅಂಟುವ, ಬಳಸಿ ಎಸೆಯಬಹುದಾದ ಚೀಲದ ಕಲ್ಪನೆಯು 1954ರಲ್ಲಿ ಡೆನ್ಮಾರ್ಕಿನ ಎಲಿಸ್ ಸೋರೆನ್ಸೆನ್ ಎಂಬ ದಾದಿಗೆ ಹೊಳೆಯಿತು. ಆಕೆಯ ತಂಗಿಗೇ ಇಂತಹ ಶಸ್ತ್ರಚಿಕಿತ್ಸೆಯಾಗಿದ್ದಿತು.

ಚೀಲವೆಂದರೆ ಕೇವಲ ಪ್ಲಾಸ್ಟಿಕ್ ಹಾಳೆಯಲ್ಲ. ಅದರ ಅಂಟುಬಿಲ್ಲೆಯು ಬೆವರನ್ನು ಹೀರಿಕೊಂಡೂ ಚರ್ಮವನ್ನು ಬಿಡಬಾರದು. ತುಂಬಿದ ಚೀಲದ ಭಾರವನ್ನು ತಾಳಬೇಕು. ಆದರೆ ತೆಗೆಯುವಾಗ ಚರ್ಮವನ್ನು ಕೀಳಬಾರದು. ಸಣ್ಣ ಕರುಳಿನ ದ್ರವದಲ್ಲಿರುವ ಜೀರ್ಣರಸಗಳು ಸೋರಿದರೆ ಸುತ್ತಲಿನ ಚರ್ಮವನ್ನೇ ತಿಂದು ಹುಣ್ಣು ಮಾಡುತ್ತವೆ. ಚಳ್ಳಕೆರೆ, ಮೊಳಕಾಲ್ಮೂರುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಗೆ ಸೇರಿದವು. ಇಲ್ಲಿನ ಬಿಸಿಲಿನಲ್ಲಿ ಕಡಲೆಕಾಯಿಯ ಹೊಲದಲ್ಲಿ ಬಗ್ಗಿ ದುಡಿಯುವವನಿಗೆ ಬೆವರಿನಿಂದ ಅಂಟು ಬೇಗ ಸಡಿಲುತ್ತದೆ. ರೇಷ್ಮೆ ಸೀರೆಯ ಮಗ್ಗದಲ್ಲಿ ನೇಯ್ದ ಬಟ್ಟೆಯ ಉರುಳೆಯು ನೇಕಾರನ ಹೊಟ್ಟೆಯ ಎದುರಿಗೇ ಇರುತ್ತದೆ. ಒಳ್ಳೆಯ ಚೀಲವಿಲ್ಲದಿದ್ದರೆ ಇವರಿಬ್ಬರೂ ಕಳೆದುಕೊಳ್ಳುವುದು ಅನುಕೂಲವನ್ನಲ್ಲ, ಅನ್ನವನ್ನು.

ಈಗ ವೆಚ್ಚದ ಮಾತು. ಮೂರು ದಿನಗಳಿಗೊಂದರಂತೆ ವರ್ಷಕ್ಕೆ ಸುಮಾರು 122 ಚೀಲಗಳು ಬೇಕು. ಲೆಕ್ಕಕ್ಕಾಗಿ ಒಂದಕ್ಕೆ 200 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 24,400 ರೂಪಾಯಿಗಳಾದುವು. ಸ್ಟೋಮಾ ಶಾಶ್ವತವಾದರೆ ಈ ವೆಚ್ಚವು ಜೀವವಿರುವವರೆಗೂ ತಪ್ಪದು.

ಸರ್ಕಾರವು ಏನನ್ನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. ಬಡತನದ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆಯ ಚಿಕಿತ್ಸೆ ದೊರೆಯುತ್ತದೆ. ಕರುಳನ್ನು ಹೊರತರುವ ಶಸ್ತ್ರಕ್ರಿಯೆಯೂ, ಸ್ಟೋಮಾ ತಾತ್ಕಾಲಿಕವಾಗಿದ್ದರೆ ಅದನ್ನು ಮತ್ತೆ ಮುಚ್ಚುವ ಶಸ್ತ್ರಕ್ರಿಯೆಯೂ ಇಂತಹ ಯೋಜನೆಗಳ ಪಟ್ಟಿಯಲ್ಲಿವೆ. ಸಹಕಾರ ಸಂಘಗಳ ಸದಸ್ಯರಿಗೆ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯಿದೆ. ಮುಂಬಯಿಯ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಸಂಸ್ಥೆಯು ಕಡಿಮೆ ಬೆಲೆಗೆ ಚೀಲಗಳನ್ನು ಒದಗಿಸುತ್ತ ಬಂದಿದೆ. 2022ರ ಜುಲೈ 18ರಿಂದ ಈ ಸಾಧನಗಳ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿಯಿತು. ಎಂದರೆ 112 ರೂಪಾಯಿ ತೆರುತ್ತಿದ್ದವನು 105 ತೆರುವಂತಾಯಿತು. ಒಳ್ಳೆಯದೇ, ಆದರೆ ಉಳಿದ 105 ರೂಪಾಯಿಗಳು ಅವನ ಜೇಬಿನಿಂದಲೇ ಬರಬೇಕು. ಕೇಂದ್ರದ ಜನಾರೋಗ್ಯ ಯೋಜನೆಯ ನಿಯಮದಂತೆ, ಆಸ್ಪತ್ರೆಯಿಂದ ಹೊರಬಂದ ಮೇಲೆ ವೆಚ್ಚವನ್ನು ಭರಿಸುವುದು 15 ದಿನಗಳವರೆಗೆ ಮಾತ್ರ. ಹದಿನಾರನೆಯ ದಿನದ ಚೀಲವು ರೋಗಿಯ ಪಾಲಿನದು.

ದೋಷವಿರುವುದು ಇಲ್ಲಿಯೇ. ಕತ್ತರಿಸುವುದನ್ನು ಚಿಕಿತ್ಸೆಯೆಂದು ಎಣಿಸಿ, ಚೀಲವನ್ನು ಅಂಗಡಿಯ ಸರಕೆಂದು ಎಣಿಸಿದ್ದೇವೆ. ವಿಜ್ಞಾನದ ದೃಷ್ಟಿಯಲ್ಲಿ ಈ ಭೇದಕ್ಕೆ ಆಧಾರವಿಲ್ಲ. ತೆಗೆದುಹಾಕಿದ ಅಂಗದ ಕೆಲಸವನ್ನು ಚೀಲವು ಮಾಡುತ್ತಿದೆ. ಅದು ಶಸ್ತ್ರಚಿಕಿತ್ಸೆಯ ಮುಂದುವರಿದ ಭಾಗ. ಅಮೆರಿಕದ ಮೆಡಿಕೇರ್ ವಿಮೆಯು ಇದನ್ನು ಕೃತಕ ಅಂಗಗಳ ಸಾಲಿಗೆ ಸೇರಿಸಿ ವೆಚ್ಚದ ಹೆಚ್ಚಿನ ಪಾಲನ್ನು ಭರಿಸುತ್ತದೆ. ಇಂಗ್ಲೆಂಡಿನಲ್ಲಿ ಶಾಶ್ವತ ಸ್ಟೋಮಾ ಇರುವವರಿಗೆ ವೈದ್ಯರ ಚೀಟಿಯ ಶುಲ್ಕದಿಂದಲೇ ವಿನಾಯಿತಿಯಿದೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಾದರೋ 21 ಬಗೆಯ ವಿಕಲತೆಗಳನ್ನು ಹೆಸರಿಸಿದೆ, ಅವುಗಳಲ್ಲಿ ಇದಿಲ್ಲ.

ಬೊಕ್ಕಸಕ್ಕೆ ಭಾರವಾಗದೆ ಎಂದು ಕೆಲವರು ಕೇಳಬಹುದು. ಚೀಲ ಕೊಳ್ಳಲಾರದವನು ಪ್ಲಾಸ್ಟಿಕ್ ಕೈಚೀಲವನ್ನೋ ಬಟ್ಟೆಯನ್ನೋ ಕಟ್ಟಿಕೊಂಡು, ಚರ್ಮ ಹುಣ್ಣಾಗಿ, ದುಡಿಮೆ ಬಿಟ್ಟು, ಕೊನೆಗೆ ಅದೇ ಆಸ್ಪತ್ರೆಗೆ ಮರಳಿದರೆ ಬೊಕ್ಕಸಕ್ಕೆ ಉಳಿದುದೇನು? ಪ್ರಾಣ ಉಳಿಸಲು ಲಕ್ಷಗಳನ್ನು ತೆತ್ತ ಸರ್ಕಾರವು ಆ ಪ್ರಾಣಕ್ಕೆ ಬಾಳ್ವೆಯನ್ನೂ ಕೊಡಬೇಕಲ್ಲವೆ?

ನಮ್ಮ ಸಲಹೆ ಎರಡು. ತಿಂಗಳಿಗೆ ಬೇಕಾದ ಚೀಲಗಳು ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತವಾಗಿ ದೊರೆಯಬೇಕು. ಪ್ರತಿ ಬಾರಿಯೂ ಬೆಂಗಳೂರಿಗೆ ಅಲೆಯುವಂತಾಗಬಾರದು. ಎರಡನೆಯದಾಗಿ, ಶಾಶ್ವತ ಸ್ಟೋಮಾವನ್ನು ವಿಕಲತೆಗಳ ಪಟ್ಟಿಗೆ ಸೇರಿಸಬೇಕು. ಅಧಿಸೂಚನೆಯ ಮೂಲಕ ಹೊಸದನ್ನು ಸೇರಿಸುವ ಅಧಿಕಾರವನ್ನು ಕಾಯಿದೆಯೇ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ.

ಇದಕ್ಕೆ ಅಡ್ಡಬಂದಿರುವುದು ಹಣದ ಅಭಾವಕ್ಕಿಂತ ಹೆಚ್ಚಾಗಿ ನಾಚಿಕೆ. ಅಂಗಿಯ ಕೆಳಗಿರುವ ಚೀಲವು ಯಾರಿಗೂ ಕಾಣುವುದಿಲ್ಲ. ಅದನ್ನು ಧರಿಸಿದವನು ಹೇಳಿಕೊಳ್ಳುವುದಿಲ್ಲ. ಹೇಳದವನ ಕಷ್ಟವು ಆಯವ್ಯಯದ ಪಟ್ಟಿಯನ್ನು ಸೇರುವುದಿಲ್ಲ. ಶರೀರಶಾಸ್ತ್ರವನ್ನು ಓದಿದ ವಿದ್ಯಾರ್ಥಿಗಳಿಗೆ ಕರುಳಿನ ಮಾತು ಹೇಸಿಗೆಯಾಗಬೇಕಾದುದಿಲ್ಲ. ಅವರು ಸಂಕೋಚವಿಲ್ಲದೆ ಮಾತನಾಡಿದರೆ, ಮೌನವಾಗಿರುವವರಿಗೂ ಬಾಯಿ ಬಂದೀತು.