ಒಂದು ಹಗಲಿನ ಬಲ್ಮಠ



ಉದ್ಯೋಗನಿಮಿತ್ತ ಇಂಗ್ಲೆಂಡಿಗೆ ಹೋಗಿದ್ದ ನನ್ನ ಮೊಮ್ಮಗನು ಎರಡು ದಿನಗಳ ಬಿಡುವಿನಲ್ಲಿ ಆಕ್ಸ್‌ಫರ್ಡ್ ಪಟ್ಟಣವನ್ನು ನೋಡಿಕೊಂಡು ಬಂದಿದ್ದನು. 1602ರಲ್ಲಿ ತೆರೆದ ಬೋಡ್ಲಿಯನ್ ಗ್ರಂಥಾಲಯದ ವೈಭವವನ್ನು ಬಣ್ಣಿಸುತ್ತ, “ಅಜ್ಜ, ನಾನೂರು ವರ್ಷಗಳಿಂದ ಪುಸ್ತಕಗಳನ್ನು ಕಣ್ಣಿನಂತೆ ಕಾಯ್ದಿದ್ದಾರೆ. ನಮ್ಮಲ್ಲಿ ಅಂಥ ಊರು ಎಲ್ಲಿದೆ?” ಎಂದು ಕೇಳಿದನು. ನಾನು ವಾದಕ್ಕೆ ಹೋಗಲಿಲ್ಲ. “ಒಂದು ಹಗಲು ನನ್ನೊಡನೆ ಮಂಗಳೂರಿಗೆ ಬಾ” ಎಂದೆ.

ರಾತ್ರಿಯ ಬಸ್ಸಿನಲ್ಲಿ ಹೊರಟು ಬೆಳಗಿಗೆ ಮಂಗಳೂರು ಸೇರಿದೆವು. ಸ್ನಾನ, ಲಿಂಗಪೂಜೆ ಮುಗಿಸಿ, ಹಂಪನಕಟ್ಟೆಯಿಂದ ಬಾವುಟಗುಡ್ಡೆಯನ್ನೇರಿ, ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರದಲ್ಲಿ ಇಟಲಿಯ ಮೊಸ್ಕೇನಿ ಎಂಬ ಕಲಾವಿದರು ಭಿತ್ತಿ ಭಿತ್ತಿಗೂ ಬರೆದ ಚಿತ್ರಗಳನ್ನು ನೋಡಿದೆವು. ಆದರೆ ನಾನು ಹುಡುಗನನ್ನು ಕರೆತಂದದ್ದು ಅದಕ್ಕಾಗಿ ಅಲ್ಲ. ನಮ್ಮ ಗುರಿ ಬಲ್ಮಠವಾಗಿತ್ತು.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸಂಸ್ಥೆಯವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಅವರು ಇಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. ವಿಶೇಷ ಶಾಯಿಯಿಂದ ಕಾಗದದ ಮೇಲೆ ಬರೆದ ಅಕ್ಷರಗಳನ್ನು ನುಣುಪಾದ ಸುಣ್ಣಕಲ್ಲಿಗೆ ಇಳಿಸಿ, ಕಲ್ಲಿಗೆ ನೀರನ್ನೂ ಮಸಿಯನ್ನೂ ಲೇಪಿಸಿ ಅಚ್ಚೊತ್ತುವ ವಿಧಾನವದು. ಮಸಿಯು ಅಕ್ಷರಕ್ಕೆ ಮಾತ್ರ ಹತ್ತಿ, ಒದ್ದೆಯ ಕಲ್ಲಿಗೆ ಹತ್ತುವುದಿಲ್ಲ. ಆದುದರಿಂದ ಆ ಕಾಲದ ಪುಸ್ತಕಗಳಲ್ಲಿ ಇಂದಿಗೂ ಲಿಪಿಕಾರನ ಕೈಬರಹವೇ ಕಾಣುತ್ತದೆ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವು ಹರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ ಹೊರಬಂದದ್ದು ಇದೇ ಕಲ್ಲಚ್ಚಿನಿಂದ.

ನಮ್ಮ ಮನೆತನಗಳವರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಸಂಗತಿ ಇನ್ನೊಂದಿದೆ. ಮೋಗ್ಲಿಂಗರು ಕಾಸಮೇಜರ್ ಎಂಬ ನಿವೃತ್ತ ಅಧಿಕಾರಿಯ ಧನಸಹಾಯದಿಂದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಕನ್ನಡದ ಹಳೆಯ ಕಾವ್ಯಗಳನ್ನು ಅಚ್ಚು ಹಾಕಿಸಿದರು. ದಾಸರ ಪದಗಳು, ಜೈಮಿನಿ ಭಾರತ ಇವುಗಳ ಜೊತೆಗೆ, 1369ರಲ್ಲಿ ಭೀಮಕವಿಯು ರಚಿಸಿದ ಬಸವಪುರಾಣವೂ ಆ ಮಾಲೆಯಲ್ಲಿ ಮುದ್ರಿತವಾಯಿತು. ಮುಂದೆ ಫರ್ಡಿನೆಂಡ್ ಕಿಟೆಲ್ಲರು 1894ರಲ್ಲಿ ಪ್ರಕಟಿಸಿದ, ಸುಮಾರು 70,000 ಶಬ್ದಗಳ ನಿಘಂಟಿನಲ್ಲಿಯೂ ಬಸವಪುರಾಣದ ಪ್ರಯೋಗಗಳು ಉದ್ಧೃತವಾಗಿವೆ.

ಶಾಂತಿ ಕೆಥೆಡ್ರಲ್‌ನ ಮುಂದೆ ಮರದ ನೆರಳಿನಲ್ಲಿ ಕುಳಿತು ಇದನ್ನೆಲ್ಲ ಹೇಳುತ್ತಿದ್ದಾಗ ಮೊಮ್ಮಗನು, “ಅವರು ಬಂದದ್ದು ತಮ್ಮ ಮತವನ್ನು ಹರಡಲೆಂದಲ್ಲವೇ, ಅಜ್ಜ? ಬಸವಣ್ಣನವರ ಮೇಲಿನ ಭಕ್ತಿಯಿಂದ ಅಚ್ಚು ಹಾಕಿದರೇ?” ಎಂದನು. ಪ್ರಶ್ನೆ ನ್ಯಾಯವಾದದ್ದೇ. ಜನರ ನುಡಿಯನ್ನೂ ನಂಬಿಕೆಯನ್ನೂ ಅರಿಯದೆ ತಮ್ಮ ಬೋಧನೆ ಸಾಗದೆಂಬುದು ಅವರಿಗೆ ಗೊತ್ತಿತ್ತು. ಫ.ಗು. ಹಳಕಟ್ಟಿಯವರು ‘ವಚನಶಾಸ್ತ್ರ ಸಾರ’ದ ಹಸ್ತಪ್ರತಿಯನ್ನು ಮಂಗಳೂರಿನ ಈ ಮುದ್ರಣಾಲಯಕ್ಕೇ ಕಳುಹಿಸಿದ್ದರೆಂದೂ, ಅಚ್ಚು ಹಾಕದೆ ಅದನ್ನು ಹಿಂದಿರುಗಿಸಲಾಯಿತೆಂದೂ ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಆ ಗ್ರಂಥವು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಅನಂತರ ಹಳಕಟ್ಟಿಯವರು ಪರರ ಬಾಗಿಲು ಕಾಯದೆ, 1925ರಲ್ಲಿ ವಿಜಯಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ತಾವೇ ತೆರೆದರು. ಅದಕ್ಕಾಗಿ ತಮ್ಮ ಸರ್ವಸ್ವವನ್ನೂ ಸವೆಸಿದರು.

ಆದರೆ ಬಂಧುಗಳೇ, ಪರರ ಉದ್ದೇಶವನ್ನು ತೂಗುವ ಮುನ್ನ ನಮ್ಮ ತಕ್ಕಡಿಯನ್ನು ನೋಡಿಕೊಳ್ಳಬೇಡವೇ? ನಾನು ಬಾಲ್ಯದಲ್ಲಿ ಓದಿದ ಮಠದಲ್ಲಿ ತಾಡವಾಲೆಯ ಕಟ್ಟುಗಳಿದ್ದವು. ಪ್ರತಿ ಮಹಾನವಮಿಯಂದು ಅವುಗಳಿಗೆ ವಿಭೂತಿ ಧರಿಸಿ, ಹೂವೇರಿಸಿ, ಆರತಿ ಬೆಳಗುವ ಸೇವೆ ನನ್ನದಾಗಿತ್ತು. ಏಳು ವರ್ಷ ಆ ಸೇವೆಯನ್ನು ಮಾಡಿದೆ. ಒಮ್ಮೆಯೂ ಕಟ್ಟನ್ನು ಬಿಚ್ಚಲಿಲ್ಲ. ಬಿಚ್ಚುವುದು ಅಪಚಾರವೆಂಬ ಭಾವನೆ ನಮ್ಮಲ್ಲಿತ್ತು. ಎಂಟನೆಯ ವರ್ಷ ವಿದ್ವಾಂಸರೊಬ್ಬರು ಬಂದು ಕೇಳಿದಾಗ ವಸ್ತ್ರವನ್ನು ಬಿಡಿಸಿದೆವು. ಒಂದು ಕಟ್ಟಿನಲ್ಲಿ ಎರಡು ಮರದ ಹಲಗೆಗಳ ನಡುವೆ ಗೆದ್ದಲು ಮಣ್ಣು ಮಾತ್ರ ಉಳಿದಿತ್ತು. ಯಾವ ಶರಣನ ಯಾವ ಮಾತು ಅಲ್ಲಿತ್ತೋ ಇನ್ನು ಯಾರಿಗೂ ತಿಳಿಯದು. ನಾನು ಏಳು ವರ್ಷ ಮಣ್ಣಿಗೆ ಆರತಿ ಎತ್ತಿದ್ದೆ.

ಈ ಮಾತನ್ನು ಮೊಮ್ಮಗನಿಗೆ ಹೇಳಿದ್ದು ಅದೇ ಮೊದಲು. ಅವನು ಬಹಳ ಹೊತ್ತು ಸುಮ್ಮನಿದ್ದು, “ನಮ್ಮ ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಏನಿದೆ, ಅಜ್ಜ?” ಎಂದನು. ಊರಿಗೆ ಮರಳಿದ ಮರುದಿನವೇ ಇಬ್ಬರೂ ಕೂಡಿ ಅದನ್ನು ಇಳಿಸಿದೆವು. ಮುತ್ತಜ್ಜನವರು ಕೈಯಾರೆ ಬರೆದುಕೊಂಡ ಸ್ವರವಚನಗಳ ಒಂದು ಪುಸ್ತಕ ದೊರೆಯಿತು. ಅಂಚುಗಳನ್ನು ಹುಳು ತಿಂದಿದ್ದರೂ ಅಕ್ಷರ ಉಳಿದಿತ್ತು. ಹುಡುಗನು ಪುಟಪುಟದ ಛಾಯಾಚಿತ್ರವನ್ನು ತೆಗೆದನು.

ಆದುದರಿಂದ ನನ್ನದೊಂದು ಬಿನ್ನಹ. ನಿಮ್ಮ ಮನೆಯ ಜಗುಲಿಯಲ್ಲೋ ಅಟ್ಟದಲ್ಲೋ ಇರುವ ಕಟ್ಟುಗಳನ್ನು ಬಿಚ್ಚಿ ನೋಡಿರಿ. ಗರಿಗಳಿಗೆ ನೀರು, ಕುಂಕುಮ, ಎಣ್ಣೆಯ ಕೈ ತಾಗಿಸಬೇಡಿರಿ. ಓದಲು ಬಾರದಿದ್ದರೆ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯವರಿಗೋ ಹಂಪಿಯ ಕನ್ನಡ ವಿಶ್ವವಿದ್ಯಾಲಯದವರಿಗೋ ತೋರಿಸಿರಿ.

ಜುಲೈ 1 ‘ಮಂಗಳೂರ ಸಮಾಚಾರ’ ಹುಟ್ಟಿದ ದಿನ. ಮರುದಿನವೇ, ಜುಲೈ 2, ಹಳಕಟ್ಟಿಯವರ ಜಯಂತಿ. ಮೊದಲ ದಿನ ದೂರದಿಂದ ಬಂದವರ ಉಪಕಾರವನ್ನು ನೆನೆಯೋಣ. ಎರಡನೆಯ ದಿನ ನಮ್ಮ ಪೆಟ್ಟಿಗೆಯ ಬೀಗವನ್ನು ನಾವೇ ತೆರೆಯೋಣ.